ಮುನ್ನೂರ ನಲವತ್ತು ಮೀಟರ್

ಬಿ.ಸಿ. ರೋಡಿನಲ್ಲಿರುವ ಅಬ್ದುಲ್ ಶುಕೂರ್‌ನ ಅಂಗಡಿಗೆ ಬರುವವರು ಹೆಚ್ಚಾಗಿ ಕಾರಿನವರು, ಲಾರಿಯವರು. ಯಾರಿಗೋ ಸ್ಟೀರಿಯೋ ಬೇಕು, ಯಾರಿಗೋ ಹಿಂದೆ ನೋಡುವ ಕ್ಯಾಮೆರಾ ಬೇಕು. ಲಾರಿ ಮಾಲಕರಿಗೆ ತಮ್ಮ ಲಾರಿ ಯಾವ ಹೋಟೆಲಿನ ಎದುರು ನಿಂತಿದೆ ಎಂದು ಮನೆಯಲ್ಲೇ ಕೂತು ತಿಳಿಯಬೇಕು. ಕೈಯಲ್ಲಿ ಹಿಡಿಯುವ ಜಿಪಿಎಸ್ ಕೇಳಿಕೊಂಡು ಬರುವವರು ವರ್ಷಕ್ಕೆ ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಆದರೂ ಶುಕೂರ್ ಅದರಲ್ಲಿ ಮೂರು ಬಗೆಯದ್ದನ್ನು ತರಿಸಿ ಕಪಾಟಿನಲ್ಲಿ ಇಟ್ಟಿದ್ದ. ಒಮಾನಿನಲ್ಲಿ ಇಪ್ಪತ್ತೆರಡು ವರ್ಷ ಸರ್ವೆ ತಂಡವೊಂದರ ಗಾಡಿ ಓಡಿಸಿದವನು ಅವನು. ದಾರಿಯೇ ಇಲ್ಲದ ಮರಳಿನಲ್ಲಿ ಆ ಸಣ್ಣ ಯಂತ್ರವನ್ನು ನಂಬಿಕೊಂಡು ಹೋಗಿ ಬಂದವನು. ಮಾರಾಟವಾಗದಿದ್ದರೂ ಅದರ ಬಗ್ಗೆ ಮಾತಾಡಲು ಯಾರಾದರೂ ಸಿಕ್ಕಿದರೆ ಅವನಿಗೆ ಅಷ್ಟೇ ಸಾಕಿತ್ತು.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಬಂದವರಿಗೆ ಅರುವತ್ತರ ಹತ್ತಿರ ವಯಸ್ಸು. ಬಿಳಿ ಅಂಗಿ, ಪಂಚೆ. ಹೆಸರು ಶಾಂತಿರಾಜ, ಶಿರ್ತಾಡಿಯಲ್ಲಿ ಹಿಟ್ಟಿನ ಮಿಲ್ಲು ಉಂಟು ಎಂದು ತಾವೇ ಹೇಳಿದರು. ಕೂರಲು ಸ್ಟೂಲು ಕೊಟ್ಟರೆ ಕೂರಲಿಲ್ಲ.

"ಜಿಪಿಎಸ್ ಬೇಕಿತ್ತು. ಕಾರಿನಲ್ಲಿಯೂ ಆಗ್ಬೇಕು, ಇಳಿದು ಗುಡ್ಡ ಹತ್ತುವಾಗಲೂ ಆಗ್ಬೇಕು. ಅಂಥದ್ದು ಉಂಟಾ?"

"ಉಂಟು ಸಾರ್. ಒಳ್ಳೆಯ ಹವ್ಯಾಸ. ಈ ಪ್ರಾಯದಲ್ಲಿ ಗುಡ್ಡ ಹತ್ತುವವರು ನಮ್ಮ ಕಡೆ ಕಡಿಮೆ" ಎಂದ ಶುಕೂರ್. ಮೂರನ್ನೂ ತಂದು ಗಾಜಿನ ಮೇಲೆ ಸಾಲಾಗಿ ಇಟ್ಟ.

ಮೊದಲನೆಯದು ಕಾರಿನ ಗಾಜಿಗೆ ಅಂಟಿಸುವಂಥದ್ದು. ಅಗಲ ಪರದೆ, ಎಡಕ್ಕೆ ಹೋಗಿ ಬಲಕ್ಕೆ ಹೋಗಿ ಎಂದು ಮಾತಾಡುತ್ತದೆ. "ರಸ್ತೆಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಆದ್ರೆ ಕಾರಿನಿಂದ ಕಳಚಿದ್ರೆ ಎರಡು ಗಂಟೆ, ಅಷ್ಟೇ ಅದರ ಜೀವ" ಎಂದ. ಆಮೇಲೆ, ಯಾಕೋ, ಆ ಮಾತಿಗೆ ಎದುರಿನವರ ಮುಖ ಬದಲಾದದ್ದನ್ನು ಕಂಡ. ಏನೆಂದು ತಿಳಿಯಲಿಲ್ಲ.

ಎರಡನೆಯದು ಬೆರಳಲ್ಲಿ ಮುಟ್ಟಿ ನಡೆಸುವಂಥದ್ದು. ನಕ್ಷೆ ಚೆಂದ, ಬಣ್ಣ ಚೆಂದ.

"ಕೈ ಒದ್ದೆ ಇದ್ರೆ?" ಎಂದು ಶಾಂತಿರಾಜ ಕೇಳಿದರು.

"ಒದ್ದೆ ಇದ್ರೆ ಸ್ವಲ್ಪ ಕಷ್ಟ. ಒರೆಸಿ ಒರೆಸಿ ಮುಟ್ಟಬೇಕು."

"ಕೈ ನಡುಗಿದ್ರೆ?"

ಶುಕೂರ್ ತಲೆ ಎತ್ತಿ ನೋಡಿದ. "ನಡುಗಿದ್ರೂ ಕಷ್ಟವೇ ಸಾರ್. ಅಂಥವರಿಗೆ ಇದು" ಎಂದು ಮೂರನೆಯದನ್ನು ಮುಂದೆ ತಳ್ಳಿದ. ದಪ್ಪಗೆ, ನೋಡಲು ಚೆಂದವಿಲ್ಲ, ತಲೆಯ ಮೇಲೆ ಮೋಟು ಆಂಟೆನಾ. ಪರದೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಪಕ್ಕದಲ್ಲಿ ಗುಂಡಿಗಳು. "ಇದನ್ನು ಕಲ್ಲಿನ ಮೇಲೆ ಹಾಕಿದ್ರೂ ಏನೂ ಆಗುವುದಿಲ್ಲ. ನೀರಿಗೆ ಬಿದ್ರೆ ತೆಗೆದು ಕೊಡವಿದ್ರೆ ಆಯ್ತು. ಎರಡು ಪೆನ್ಸಿಲ್ ಸೆಲ್ ಹಾಕುವುದು. ಸೆಲ್ ಮುಗಿದ್ರೆ ಯಾವ ಗೂಡಂಗಡಿಯಲ್ಲಿಯೂ ಸಿಗ್ತದೆ. ಮಾತಾಡುವುದಿಲ್ಲ, ಅದೊಂದು ಕೊರತೆ. ಕಾರಿನಲ್ಲಿ ಹೋಗುವಾಗ ನೀವೇ ನೋಡ್ಬೇಕು."

"ಎರಡು ಸೆಲ್ಲಿನಲ್ಲಿ ಎಷ್ಟು ಹೊತ್ತು ಬರ್ತದೆ?"

"ಒಂದು ಹಗಲು ಪೂರ್ತಿ ಬರ್ತದೆ."

"ಎರಡು ರಾತ್ರಿ ಬರ್ತದಾ?"

"ಆಗಾಗ ಬಂದ್ ಮಾಡಿ ಇಟ್ಕೊಂಡ್ರೆ ಬರ್ತದೆ. ನೆಟ್‌ವರ್ಕ್ ಬೇಡ ಇದಕ್ಕೆ. ಮರದ ಅಡಿಯಲ್ಲಿ ಕೂಡ ಹತ್ತು ಮೀಟರಿನ ಒಳಗೆ ಸರಿಯಾಗಿ ತೋರಿಸ್ತದೆ. ಇದು ಕೈಯಲ್ಲಿದ್ರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ."

ಶಾಂತಿರಾಜ ಅದನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಅವನ ಹತ್ತಿರ ಫೋನ್ ಇತ್ತು" ಎಂದರು. "ಒಳ್ಳೆಯ ಫೋನೇ. ನಾನೇ ತೆಗೆದು ಕೊಟ್ಟದ್ದು."

ಆಮೇಲೆ ಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಗಾಜಿನ ಮೇಲೆ ಬಿಡಿಸಿದರು. ಪೊಲೀಸರ ಮಹಜರಿನ ಜೆರಾಕ್ಸ್ ಪ್ರತಿ. ಕೆಳಗಡೆ ಅಂಚಿನಲ್ಲಿ ಯಾರೋ ಪೆನ್ನಿನಲ್ಲಿ ಎರಡು ಸಾಲು ಅಂಕೆ ಬರೆದಿದ್ದರು. ಡಿಗ್ರಿ, ಮಿನಿಟು, ಬಿಂದು.

"ಇದು ನನ್ನ ಮಗ ಸಿಕ್ಕಿದ ಜಾಗ. ಫೋನಿನಲ್ಲಿ ಹಾಕಿ ನೋಡಿದೆ. ಪೂರಾ ಹಸಿರು, ನಡುವೆ ಒಂದು ಚುಕ್ಕಿ. ಬೇರೆ ಏನೂ ಇಲ್ಲ. ನನಗೆ ಅಲ್ಲಿಗೆ ಹೋಗ್ಬೇಕು."

ಶುಕೂರ್‌ಗೆ ಆಗ ನೆನಪಾಯಿತು. ಅಕ್ಟೋಬರಿನಲ್ಲಿ ಪೇಪರಿನಲ್ಲಿ ಬಂದಿತ್ತು. ಮೂಡುಬಿದಿರೆಯ ಸ್ಟುಡಿಯೋ ಒಂದರಲ್ಲಿ ಮದುವೆಯ ಫೋಟೊ ತೆಗೆಯುತ್ತಿದ್ದ ಸಮ್ಮೇದ್ ಎಂಬ ಹುಡುಗ, ಇಪ್ಪತ್ತನಾಲ್ಕು ವರ್ಷ. ಇಬ್ಬರು ಗೆಳೆಯರ ಜೊತೆ ಬೆಳ್ತಂಗಡಿಯ ಮೇಲಿನ ಕರ್ಗಲ್ಲು ಗುಡ್ಡ ಹತ್ತಿದವನು ಇಳಿಯುವಾಗ ಫೋಟೊಕ್ಕೆಂದು ಹಿಂದೆ ಉಳಿದಿದ್ದ. ಮಂಜು ಇಳಿಯಿತು. ಭಾನುವಾರ ಕಾಣೆಯಾದವನು ಬುಧವಾರ ಹೆಣವಾಗಿ ಸಿಕ್ಕಿದ. ಜಾರಿ ಬಿದ್ದು ಕಾಲು ಮುರಿದಿತ್ತು. ಹವ್ಯಾಸ ಎಂದು ತಾನು ಆಡಿದ ಮಾತು ಶುಕೂರ್‌ಗೆ ನಾಲಗೆಯ ಮೇಲೆ ಕಹಿಯಾಗಿ ಉಳಿಯಿತು.

"ಒಂದು ಸಲಕ್ಕೆ ಆದ್ರೆ ತೆಗೊಳ್ಳುವುದು ಬೇಡ ಸಾರ್. ನನ್ನದೇ ಹಳೆಯದು ಉಂಟು, ಕೊಡ್ತೇನೆ" ಎಂದ.

"ಇಲ್ಲ. ನನಗೆ ನನ್ನದೇ ಬೇಕು" ಎಂದರು ಶಾಂತಿರಾಜ.

ಅಂಕೆಗಳನ್ನು ಅದರೊಳಗೆ ಹಾಕುವಾಗ ಶುಕೂರ್ ಎರಡು ಸಲ ಓದಿಸಿಕೊಂಡ. ಮಿನಿಟಿನ ಬಿಂದುವನ್ನು ಸೆಕೆಂಡು ಎಂದು ತಿಳಿದರೆ ಜಾಗ ಅರ್ಧ ಮೈಲು ಆಚೀಚೆ ಆಗುತ್ತದೆ. ಸರ್ವೆಯವರು ಅದನ್ನು ಅವನಿಗೆ ಬೈದು ಬೈದು ಕಲಿಸಿದ್ದರು. ಆ ಕಡೆಯ ಕಾಲುದಾರಿ, ಎಸ್ಟೇಟಿನ ದಾರಿ ಎಲ್ಲ ಇರುವ ನಕ್ಷೆಯನ್ನೂ ತುಂಬಿಸಿದ. ಎಲ್ಲ ಮುಗಿದ ಮೇಲೆ ಅವರ ಕೈಗೆ ಕೊಟ್ಟು, "ಯಾರ ಜೊತೆ ಹೋಗ್ತೀರಿ?" ಎಂದು ಕೇಳಿದ.

"ಜತ್ತಪ್ಪ ಅಂತ ಒಬ್ಬ ಇದ್ದಾನೆ. ಆ ಕಾಡಿನಲ್ಲಿ ಜೇನು ತೆಗೆಯುವವ. ಅವನೇ ಹುಡುಕಿ ತೆಗೆದದ್ದು. ಫಾರೆಸ್ಟಿನವರು ಅವನ ಜೊತೆ ಆದ್ರೆ ಮಾತ್ರ ಹೋಗಿ ಅಂತ ಚೀಟಿ ಕೊಟ್ಟಿದ್ದಾರೆ."

"ನಾನು ಗಾಡಿ ಓಡಿಸ್ತೇನೆ" ಎಂದ ಶುಕೂರ್. ಯಾಕೆ ಹಾಗೆ ಹೇಳಿದೆನೆಂದು ಅವನು ಆಮೇಲೆ ಬಹಳ ದಿನ ಯೋಚಿಸಿದ. ಮಾರಿದ ಯಂತ್ರ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಬೇಕಿತ್ತು ಎಂದು ಹೆಂಡತಿ ಜೈನಬಮ್ಮನಿಗೆ ಹೇಳಿದ್ದ. ಅದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ನರಿಕೊಂಬಿನ ಮನೆಯಿಂದ ಬೆಳಗಿನ ಜಾವದ ಸುಬಹಿ ನಮಾಜು ಮುಗಿಸಿ ಹೊರಟವನು ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬಂದು ಶಿರ್ತಾಡಿ ಸೇರಿದ. ಮಿಲ್ಲಿನ ಹಿಂದೆಯೇ ಮನೆ. ಶಾಂತಿರಾಜರ ಹೆಂಡತಿ ಯಶೋಧಾ ಅವಲಕ್ಕಿಯ ಡಬ್ಬಿಯೊಂದನ್ನು ಕೊಟ್ಟು, "ಕತ್ತಲೆ ಆಗುವ ಮೊದಲು ಬನ್ನಿ, ಇವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ" ಎಂದರು.

ನಾರಾವಿ, ಅಳದಂಗಡಿ ದಾಟಿ ಬೆಳ್ತಂಗಡಿಗೆ ಬರುವವರೆಗೂ ಶಾಂತಿರಾಜ ಜಿಪಿಎಸ್ಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಕೆ ಇಳಿಯುವುದನ್ನು ನೋಡುತ್ತಿದ್ದರು. ಇನ್ನು ಮೂವತ್ತೊಂದು ಕಿಲೋಮೀಟರ್, ಇನ್ನು ಇಪ್ಪತ್ತೆರಡು. ಒಮ್ಮೆ ಅವರಾಗಿಯೇ ಹೇಳಿದರು, "ನಮ್ಮ ಜೈನರಲ್ಲಿ ಶಾಸ್ತ್ರದ ಪ್ರಕಾರ ಇದಕ್ಕೆಲ್ಲ ಅರ್ಥ ಇಲ್ಲ ಸಾಹೇಬ್ರೆ. ಜೀವ ಹೋದ ಕ್ಷಣಕ್ಕೇ ಇನ್ನೊಂದು ಕಡೆ ಹುಟ್ಟಿ ಆಗಿರ್ತದೆ. ಬಿದ್ದ ಜಾಗದಲ್ಲಿ ಎಂತದೂ ಇರುವುದಿಲ್ಲ. ಯಶೋಧನೂ ಅದನ್ನೇ ಹೇಳಿದ್ಲು."

"ಹೋಗಿ ನೋಡಿದ್ರೆ ಸ್ವಲ್ಪ ಸಮಾಧಾನ ಆಗ್ಬಹುದು" ಎಂದ ಶುಕೂರ್.

"ಸಮಾಧಾನಕ್ಕೆ ಅಲ್ಲ. ನನಗೆ ಗೊತ್ತಾಗ್ಬೇಕು."

ಅವರು ಮತ್ತೆ ಪರದೆಯತ್ತ ಬಗ್ಗಿದರು.

ಗುಡ್ಡದ ಬುಡದಲ್ಲಿ ಜತ್ತಪ್ಪ ಕಾಯುತ್ತಿದ್ದ. ಐವತ್ತರ ಸಣ್ಣ ಆಳು, ಕೈಯಲ್ಲಿ ಕತ್ತಿ. ಶಾಂತಿರಾಜರ ಕೈಯಲ್ಲಿದ್ದ ಯಂತ್ರವನ್ನು ನೋಡಿ, "ಅದೆಂತ ಧಣಿ?" ಎಂದು ಕೇಳಿದ. ಜಾಗ ತೋರಿಸುವಂಥದ್ದು ಎಂದು ಶುಕೂರ್ ಹೇಳಿದಾಗ ಅವನ ಮುಖದಲ್ಲಿ ಏನೋ ಅಳುಕು ಕಾಣಿಸಿತು. "ಜಾಗ ನನಗೆ ಗೊತ್ತುಂಟಲ್ಲ. ಅದನ್ನು ಚೀಲದಲ್ಲಿ ಹಾಕಿ. ಬಿದ್ದು ಗಿದ್ದು ಹೋದ್ರೆ" ಎಂದ. ಶಾಂತಿರಾಜ ಹಾಕಲಿಲ್ಲ.

ಮೊದಲ ಒಂದು ಗಂಟೆ ಏರು. ಹೊಳೆಯನ್ನು ಎರಡು ಸಲ ದಾಟಿದರು. ಅಂಕೆ ಇಳಿಯುತ್ತ ಬಂತು. ಎರಡು ಕಿಲೋಮೀಟರ್, ಒಂದೂವರೆ, ಒಂಬೈನೂರು ಮೀಟರ್. ಐನೂರಕ್ಕೆ ಬಂದಾಗ ಶಾಂತಿರಾಜರ ನಡಿಗೆ ಚುರುಕಾಯಿತು. ಅಲ್ಲಿ ಜತ್ತಪ್ಪ ದಿಬ್ಬವೊಂದರ ಹತ್ತಿರ ಬಲಕ್ಕೆ ತಿರುಗಿದ. ಬಿದಿರಿನ ಮೆಳೆಯ ನಡುವೆ ಕತ್ತಿಯಿಂದ ಸವರಿಕೊಂಡು ಇಳಿಯತೊಡಗಿದ. ಹತ್ತು ನಿಮಿಷ ಕಳೆಯಿತು. ಶುಕೂರ್ ಶಾಂತಿರಾಜರ ಭುಜದ ಮೇಲಿಂದ ಪರದೆಯನ್ನು ನೋಡಿದ. ಆರುನೂರು. ಆರುನೂರ ಎಪ್ಪತ್ತು. ಬಾಣ ಅವರ ಬೆನ್ನಿನ ಕಡೆಗೆ ತಿರುಗಿತ್ತು.

ಪರದೆಯ ಮೇಲೆ ಇನ್ನೊಂದು ವಿಷಯವೂ ಇತ್ತು. ಅವರು ಹೋಗಬೇಕಾದ ಜಾಗದ ಚುಕ್ಕಿಯ ಎಡಗಡೆ, ತೀರಾ ಹತ್ತಿರದಲ್ಲಿ, ಕಡಿದು ಕಡಿದು ಎಳೆದ ಒಂದು ಸಪೂರ ಗೆರೆ. ಜೀಪು ಹೋಗುವ ದಾರಿಯ ಗುರುತು. ಶುಕೂರ್‌ನ ಕಾಲು ಒಂದು ಕ್ಷಣ ನಿಂತಿತು. ಶಾಂತಿರಾಜರೂ ಅದನ್ನು ನೋಡಿದ್ದಾರೋ ಇಲ್ಲವೋ ಎಂದು ಅವನಿಗೆ ತಿಳಿಯಲಿಲ್ಲ.

"ಜತ್ತಪ್ಪ" ಎಂದರು ಶಾಂತಿರಾಜ. ಸ್ವರ ಎತ್ತಲಿಲ್ಲ. "ನಾವು ದೂರ ಹೋಗ್ತಾ ಇದ್ದೇವೆ."

"ಆ ಕಡೆ ದಾರಿ ಇಲ್ಲ ಧಣಿ. ಸುತ್ತಿಕೊಂಡೇ ಹೋಗ್ಬೇಕು."

"ಎಷ್ಟು ಸುತ್ತು?"

"ಸ್ವಲ್ಪ ಉಂಟು."

ಆ ಸ್ವಲ್ಪ ಒಂದೂವರೆ ಗಂಟೆಯಾಯಿತು. ಮುಳ್ಳು, ಜಿಗಣೆ, ಕಾಲಿಟ್ಟರೆ ಕುಸಿಯುವ ಮಣ್ಣು. ಶಾಂತಿರಾಜರ ಪಂಚೆ ಹರಿಯಿತು. ಕೊನೆಗೆ ಅಂಕೆ ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಇಳಿದು ನಿಂತಿತು. ಹೊಳೆಯ ಬದಿಯಲ್ಲಿ ಎರಡು ಬಂಡೆ, ನಡುವೆ ಮನುಷ್ಯನೊಬ್ಬ ಮಲಗುವಷ್ಟು ಜಾಗ. ಮೇಲೆ ಕಡಿದಾದ ಇಳಿಜಾರು. ಎಲೆಗಳು ಬಿದ್ದು ಆ ಜಾಗ ತುಂಬಿತ್ತು.

"ಇಲ್ಲಿಯೇ" ಎಂದ ಜತ್ತಪ್ಪ.

ಶಾಂತಿರಾಜ ಬಂಡೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಬಗ್ಗಿ ಎಲೆಗಳನ್ನು ಬದಿಗೆ ಸರಿಸಿದರು. ಅಡಿಯಲ್ಲಿ ಒದ್ದೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಅಲ್ಲೇ ಕೂತರು. ಶುಕೂರ್ ಸ್ವಲ್ಪ ದೂರ ಹೋಗಿ, ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ತನಗೆ ತಿಳಿದದ್ದನ್ನು ಬಾಯೊಳಗೇ ಓದಿದ.

ಅವನು ತಿರುಗಿ ಬಂದಾಗ ಶಾಂತಿರಾಜ ಯಂತ್ರವನ್ನು ಜತ್ತಪ್ಪನ ಮುಖದ ಎದುರು ಹಿಡಿದಿದ್ದರು.

"ಈ ಗೆರೆ ಎಂತದು?"

ಜತ್ತಪ್ಪ ನೋಡಲಿಲ್ಲ.

"ಸಾಹೇಬ್ರೆ, ನೀವು ಹೇಳಿ. ಇಲ್ಲಿಂದ ಆ ಗೆರೆಗೆ ಎಷ್ಟು?"

ಶುಕೂರ್ ಯಂತ್ರವನ್ನು ತೆಗೆದುಕೊಂಡು ಗುಂಡಿ ಒತ್ತಿದ. ಸುಳ್ಳು ಹೇಳಬಹುದಿತ್ತು. ಆದರೆ ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಮುನ್ನೂರ ನಲವತ್ತು ಮೀಟರ್" ಎಂದ.

"ಏಲಕ್ಕಿ ಎಸ್ಟೇಟಿನ ಹಳೆಯ ಜೀಪ್ ರೋಡು" ಎಂದ ಜತ್ತಪ್ಪ, ಕೊನೆಗೆ. "ಅಲ್ಲಿಂದ ಬಂದಿದ್ರೆ ಕಾಲು ಗಂಟೆಯ ಕೆಲಸ. ಮಗನನ್ನು ನಾವು ಅಲ್ಲಿಗೇ ಹೊತ್ತುಕೊಂಡು ಹೋದದ್ದು. ನೀವು ಆಗ ಬೆಳ್ತಂಗಡಿ ಆಸ್ಪತ್ರೆಯಲ್ಲಿ ಕಾಯ್ತಾ ಇದ್ರಿ. ಹೇಳುವುದು ಬೇಡ ಅಂತ ನಾನೇ ಮಾಡಿದ್ದು ಧಣಿ. ತಪ್ಪಾದ್ರೆ ತಪ್ಪು."

ಶಾಂತಿರಾಜ ಬಂಡೆಗೆ ಒರಗಿದರು. "ಸೋಮವಾರ ಸಂಜೆ ನಾಲ್ಕು ಗಂಟೆಗೆ ಆ ರೋಡಿನಲ್ಲಿ ನಾನು ಜೀಪಿನಲ್ಲಿ ಅವನನ್ನು ಹುಡುಕಿಕೊಂಡು ಬಂದಿದ್ದೆ" ಎಂದು ಶುಕೂರ್‌ಗೆ ಹೇಳಿದರು. "ಒಂದು ಮೋರಿಯ ಹತ್ತಿರ ಮರ ಬಿದ್ದಿತ್ತು. ಅದನ್ನು ಕಡಿಯುವವರೆಗೆ ಅಲ್ಲೇ ನಿಂತಿದ್ದೆವು. ನಾನು ಇಳಿದು ಕೂಗಿದೆ. ಆಮೇಲೆ ನೀರು ಕುಡಿದೆ. ಹೋದೆವು. ಅವನ ಜೀವ ಹೋದದ್ದು ಸೋಮವಾರ ರಾತ್ರಿಯಿಂದ ಈಚೆಗೆ ಅಂತ ಡಾಕ್ಟ್ರು ಬರೆದಿದ್ದಾರೆ."

ಹೊಳೆ ಸಣ್ಣಗೆ ಹರಿಯುತ್ತಿತ್ತು.

"ಅದೇ ಮೋರಿಯಾ ಜತ್ತಪ್ಪ?"

"ಅದೇ."

"ಹಾಗಾದ್ರೆ ನೀವಿಬ್ಬರೂ ಅಲ್ಲಿಗೆ ಹೋಗಿ. ಅಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಿ. ಮೂರು ಸಲ, ಜೋರಾಗಿ. ನಾನು ಇಲ್ಲಿ ಕೂತ್ಕೊಳ್ತೇನೆ."

ಶುಕೂರ್ ಏನೋ ಹೇಳಲು ಹೋದ. ಅವರು ಆಗಲೇ ಬಂಡೆಗಳ ನಡುವೆ ಕೂತು ಕಣ್ಣು ಮುಚ್ಚಿದ್ದರು.

ಏರಿನಲ್ಲಿ ಜತ್ತಪ್ಪ ಮುಂದೆ, ಶುಕೂರ್ ಹಿಂದೆ. ಹನ್ನೆರಡು ನಿಮಿಷ ಹಿಡಿಯಿತು. ಹುಲ್ಲು ಬೆಳೆದ ದಾರಿ, ಕಲ್ಲಿನ ಮೋರಿ, ಬದಿಯಲ್ಲಿ ಕಡಿದು ಉರುಳಿಸಿದ ಮರದ ತುಂಡುಗಳು. ಜತ್ತಪ್ಪ ಮೋರಿಯ ಮೇಲೆ ನಿಂತು, ಎರಡೂ ಕೈಯನ್ನು ಬಾಯಿಯ ಬಳಿ ತಂದು, ಕೂಗದೆ ಇಳಿಸಿದ.

"ಕೂಗ್ಬೇಕಾ ಸಾಹೇಬ್ರೆ?"

ಶುಕೂರ್ ಕೆಳಗೆ ನೋಡಿದ. ಮರದ ತುದಿಗಳು ಮಾತ್ರ ಕಾಣುತ್ತಿದ್ದವು. ಕೇಳಿಸಿದರೆ ಆ ಮನುಷ್ಯ ಇನ್ನು ಬದುಕುವುದು ಹೇಗೆ? ಕೇಳಿಸದಿದ್ದರೆ ಇವತ್ತು ರಾತ್ರಿ ಸ್ವಲ್ಪವಾದರೂ ನಿದ್ದೆ ಮಾಡಿಯಾನು.

"ಬೇಡ" ಎಂದ.

ಇಬ್ಬರೂ ಸುಮ್ಮನೆ ನಿಂತರು. ಎರಡು ಮೂರು ನಿಮಿಷ ಆಗಿರಬಹುದು. ಆಗ ಕೆಳಗಿನಿಂದ ಸ್ವರ ಬಂತು.

"ಸಮ್ಮೇದಾ."

ಪಕ್ಕದ ಮನೆಯಿಂದ ಕರೆದಷ್ಟು ಸ್ಪಷ್ಟವಾಗಿತ್ತು. ಇನ್ನೊಮ್ಮೆ ಬಂತು. ಜತ್ತಪ್ಪ ಮೋರಿಯ ಮೇಲೆ ಕುಕ್ಕರಿಸಿ, ತಲೆಯ ಮುಂಡಾಸಿನಿಂದ ಮುಖ ಮುಚ್ಚಿಕೊಂಡ. ಶುಕೂರ್ ಅವನನ್ನು ಎಬ್ಬಿಸಲಿಲ್ಲ.

ಇಳಿದು ಹೋದಾಗ ಶಾಂತಿರಾಜ ಎದ್ದು ನಿಂತಿದ್ದರು.

"ಕೂಗಿದ್ರಾ?"

"ಕೂಗಿದೆವು. ಮೂರು ಸಲ" ಎಂದ ಶುಕೂರ್.

"ನನಗೆ ಕೇಳ್ಳಿಲ್ಲ." ಅವರು ಶುಕೂರ್‌ನ ಮುಖವನ್ನೇ ನೋಡುತ್ತಿದ್ದರು. "ನಾನೂ ಕೂಗಿದೆ. ನಿಮಗೆ ಕೇಳಿತಾ?"

"ಇಲ್ಲ ಶಾಂತಿರಾಜಣ್ಣ. ನೀರಿನ ಶಬ್ದ ಉಂಟಲ್ಲ."

"ಆಗ ನೀರು ಇದಕ್ಕಿಂತ ಜಾಸ್ತಿ ಇತ್ತು" ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ. "ಅಕ್ಟೋಬರ್. ಮಳೆ ಬಿಟ್ಟಿರಲಿಲ್ಲ."

"ಹೌದು. ಆಗ ಕೇಳುವ ಪ್ರಶ್ನೆಯೇ ಇಲ್ಲ."

ಶಾಂತಿರಾಜ ತಲೆಯಾಡಿಸಿದರು. ಹೋಗುವ ಎಂದರು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಯಶೋಧಾ ಬಾಗಿಲಿಗೆ ಬಂದರು. ಗಂಡನ ಹರಿದ ಪಂಚೆ ನೋಡಿದರು. ಶಾಂತಿರಾಜ ಹೆಂಡತಿಗೆ ಎಲ್ಲವನ್ನೂ ಹೇಳಿದರು. ದಾರಿ ಹತ್ತಿರ ಇದ್ದದ್ದು, ಮೋರಿ, ಕೂಗಿ ನೋಡಿದ್ದು, ಕೇಳದೆ ಇದ್ದದ್ದು. ಯಶೋಧಾ ಶುಕೂರ್‌ನ ಕಡೆ ತಿರುಗಿ, "ಹೌದಾ?" ಎಂದು ಮಾತ್ರ ಕೇಳಿದರು.

"ಹೌದು ಅಕ್ಕ" ಎಂದ ಶುಕೂರ್.

ಊಟಕ್ಕೆ ಕೂರಿಸಿದರು. ಬಾಳೆಕಾಯಿ ಪಲ್ಯ, ತೊವ್ವೆ. ಶುಕೂರ್ ಬಡಿಸಿದ್ದನ್ನೆಲ್ಲ ಉಂಡ. ಯಾವುದಕ್ಕೂ ರುಚಿ ಇರಲಿಲ್ಲ.

ಆಮೇಲೆ ಅವರ ಸುದ್ದಿ ಇರಲಿಲ್ಲ. ಶುಕೂರ್ ಒಂದೆರಡು ಸಲ ಫೋನ್ ಮಾಡಬೇಕೆಂದುಕೊಂಡು ಬಿಟ್ಟ. ಫೆಬ್ರವರಿಯ ಎರಡನೆಯ ವಾರ ಯಶೋಧಾ ಒಬ್ಬರೇ ಎರಡು ಬಸ್ಸು ಬದಲಿಸಿ ಅಂಗಡಿಗೆ ಬಂದರು. ಚೀಲದಿಂದ ಜಿಪಿಎಸ್ ತೆಗೆದು ಗಾಜಿನ ಮೇಲೆ ಇಟ್ಟರು.

"ಸೋಮವಾರ ಆದ್ರೆ ಮಿಲ್ಲು ಬಂದ್ ಮಾಡಿ ಹೋಗ್ತಾರೆ. ಕೇಳಿದ್ರೆ ಹೇಳುವುದಿಲ್ಲ. ಇವತ್ತು ಇದನ್ನು ದಿಂಬಿನ ಅಡಿಯಿಂದ ತಂದದ್ದು. ಎಲ್ಲಿಗೆ ಹೋಗ್ತಾರೆ ಅಂತ ಇದರಲ್ಲಿ ಗೊತ್ತಾಗ್ತದಾ?"

ನಡೆದ ದಾರಿಯನ್ನು ಅದು ತನ್ನಷ್ಟಕ್ಕೆ ಬರೆದಿಡುತ್ತದೆ. ಶುಕೂರ್ ತೆರೆದ. ಐದು ಸೋಮವಾರ. ಐದೂ ಎಸ್ಟೇಟಿನ ದಾರಿಯಾಗಿ ಮೋರಿಯವರೆಗೆ. ಅಲ್ಲಿಂದ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಒಂದು ದಿನ ಏಳು ಸಲ ಇಳಿದು ಏಳು ಸಲ ಹತ್ತಿದ್ದರು. ಗೆರೆಯ ಮೇಲೆ ಗೆರೆ ಬಿದ್ದು ಅಲ್ಲಿ ಕಪ್ಪು ಕಲೆಯಾಗಿತ್ತು.

ಯಶೋಧಾ ಪರದೆಯನ್ನು ಬಹಳ ಹೊತ್ತು ನೋಡಿದರು. "ಒಬ್ಬರೇ ಕೂಗಿ ಒಬ್ಬರೇ ಕೇಳ್ಲಿಕ್ಕೆ ಆಗುವುದಿಲ್ಲ ಅಲ್ವಾ" ಎಂದರು.

ಶುಕೂರ್‌ಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕ, ಅವತ್ತು ನಾವು ಕೂಗಲಿಲ್ಲ. ಅವರು ಕೂಗಿದ್ದು ನಮಗೆ ಕೇಳಿತು. ಸರಿಯಾಗಿ ಕೇಳಿತು. ನಾನು ಸುಳ್ಳು ಹೇಳಿದೆ" ಎಂದ.

ಅವರು ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕೂತು, ಸೆರಗನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡಿದರು. "ಇವರಿಗೆ ಅದು ಗೊತ್ತುಂಟು ಅಂತ ಕಾಣ್ತದೆ. ಆದ್ರೆ ಗಟ್ಟಿ ಮಾಡ್ಕೊಳ್ಳಿಕ್ಕೆ ಆಗ್ತಾ ಇಲ್ಲ. ಕೇಳಿಲ್ಲ ಅಂತ ನಂಬ್ಲಿಕ್ಕೂ ಆಗುವುದಿಲ್ಲ, ಕೇಳ್ತದೆ ಅಂತ ಒಪ್ಲಿಕ್ಕೂ ಆಗುವುದಿಲ್ಲ." ಆಮೇಲೆ, "ಬರುವ ಸೋಮವಾರ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದರು.

ಸೋಮವಾರ ಮಧ್ಯಾಹ್ನ ಎಸ್ಟೇಟಿನ ದಾರಿಯಲ್ಲಿ ಶುಕೂರ್‌ನ ಜೀಪು ಏರಿತು. ಮೋರಿಗಿಂತ ಸ್ವಲ್ಪ ಹಿಂದೆ ಶಾಂತಿರಾಜರ ಕಾರು ನಿಂತಿತ್ತು. ಒಳಗೆ ಯಾರೂ ಇಲ್ಲ. ಯಶೋಧಾ ಇಳಿದು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಮೋರಿಯವರೆಗೆ ನಡೆದರು. ಅಲ್ಲಿ ನಿಂತು ಕೆಳಗೆ ನೋಡಿದರು. ಮಗ ಬಿದ್ದ ಕಾಡನ್ನು ಅವರು ನೋಡುತ್ತಿದ್ದುದು ಅದೇ ಮೊದಲು.

"ಇಲ್ಲಿಯೇ?"

"ಇಲ್ಲಿಯೇ ಅಕ್ಕ."

ಅವರು ಕೂಗಿದರು. ಊಟಕ್ಕೆ ಕರೆಯುವಾಗಿನ ಹಾಗೆ, ಕೊನೆಯ ಅಕ್ಷರವನ್ನು ಎಳೆದು. "ಸಮ್ಮೇದಾ." ಕಾಡಿನಲ್ಲಿ ಹಕ್ಕಿಗಳು ಒಮ್ಮೆ ಸುಮ್ಮನಾದವು. ಇನ್ನೊಮ್ಮೆ ಕೂಗಿದರು. ಮೂರನೆಯ ಸಲ ಸ್ವರ ಒಡೆಯಿತು, ಆದರೂ ಪೂರ್ತಿ ಮಾಡಿದರು.

ಕೆಳಗಿನಿಂದ ಉತ್ತರ ಬರಲಿಲ್ಲ. ಶುಕೂರ್ ಇಳಿಯಲು ಹೆಜ್ಜೆ ಇಟ್ಟಾಗ ಅವರು ಕೈ ಅಡ್ಡ ಹಿಡಿದರು. "ಬರ್ತಾರೆ" ಎಂದರು.

ಸುಮಾರು ಹೊತ್ತಿನ ಮೇಲೆ ಒಣಗಿದ ಎಲೆಗಳು ಸರಿಯುವ ಸದ್ದು ಕೇಳಿತು. ಶಾಂತಿರಾಜ ಬೇರು ಹಿಡಿದುಕೊಂಡು ಹತ್ತಿ ಬಂದರು. ಅಂಗಿ ಬೆವರಿನಲ್ಲಿ ಅಂಟಿತ್ತು. ಹೆಂಡತಿಯನ್ನು ಕಂಡು ದಾರಿಯ ಅಂಚಿನಲ್ಲೇ ನಿಂತರು.

"ಕೇಳ್ತದೆ ಯಶೋಧಾ" ಎಂದರು.

"ಹೌದು. ಕೇಳ್ತದೆ."

"ಅವನಿಗೆ ಕೇಳಿರ್ಬಹುದು. ಅವನು ಉತ್ತರ ಕೊಟ್ಟಿರ್ಬಹುದು. ಜೀಪಿನ ಇಂಜಿನ್ ಬಂದ್ ಮಾಡಿರ್ಲಿಲ್ಲ ನಾವು."

ಯಶೋಧಾ ಅದಕ್ಕೆ ಇಲ್ಲ ಎನ್ನಲಿಲ್ಲ. ಹತ್ತಿರ ಹೋಗಿ ಅವರ ಕೈ ಹಿಡಿದು ಮೋರಿಯ ಕಲ್ಲಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಶಾಂತಿರಾಜ ಅಳತೊಡಗಿದರು. ಮಗ ಸತ್ತ ಮೇಲೆ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ ಎಂದು ಯಶೋಧಾ ಆಮೇಲೆ ಶುಕೂರ್‌ಗೆ ಹೇಳಿದರು. ಶುಕೂರ್ ಜೀಪಿನ ಹಿಂದೆ ಹೋಗಿ ಅವರಿಗೆ ಬೆನ್ನು ಹಾಕಿ ನಿಂತ.

ಬಹಳ ಹೊತ್ತು ಕಳೆದು ಅವರಿಬ್ಬರೂ ಎದ್ದರು. ಶಾಂತಿರಾಜ ಶುಕೂರ್‌ನ ಎದುರು ಬಂದು ನಿಂತರು. ಶುಕೂರ್ ಕ್ಷಮೆ ಕೇಳಲು ಬಾಯಿ ತೆರೆದ. ಅವರು ತಲೆಯಲ್ಲಾಡಿಸಿ ತಡೆದರು.

"ನನ್ನಿಂದ ಕಾರು ಓಡಿಸ್ಲಿಕ್ಕೆ ಆಗುವುದಿಲ್ಲ. ನೀವೇ ಬಿಡಿ" ಎಂದು ಕೀಲಿ ಕೊಟ್ಟರು.

ಜೀಪನ್ನು ಅಲ್ಲೇ ಬಿಟ್ಟು ಶುಕೂರ್ ಕಾರು ಇಳಿಸಿದ. ಹಿಂದಿನ ಸೀಟಿನಲ್ಲಿ ಗಂಡಹೆಂಡತಿ ಇಬ್ಬರೂ ಎರಡು ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಬೆಳ್ತಂಗಡಿ ದಾಟುವಾಗ ಸಂಜೆಯ ಆಟ ಮುಗಿಸಿದ ಮಕ್ಕಳು ರಸ್ತೆ ತುಂಬ ಇದ್ದರು. ಗುರುವಾಯನಕೆರೆಯಲ್ಲಿ ಸೂರ್ಯ ಇಳಿಯುತ್ತಿತ್ತು. ಮನೆ ಮುಟ್ಟುವ ಮೊದಲೇ ಮುಳುಗುತ್ತದೆ ಎಂದು ಶುಕೂರ್‌ಗೆ ಗೊತ್ತಾಗಿ, "ಶಾಂತಿರಾಜಣ್ಣ, ಇಲ್ಲಿ ಎಲ್ಲಿಯಾದ್ರೂ ನಿಲ್ಲಿಸಿ ಊಟ ಮಾಡುವನಾ?" ಎಂದು ಕೇಳಿದ.

"ಬೇಡ" ಎಂದರು ಅವರು. "ಇವತ್ತು ಬೇಡ."